ಗೆರೆಯಿಲ್ಲದ ಹನ್ನೊಂದು ಹೆಬ್ಬೆಟ್ಟು

"ಇವು ಹೆಬ್ಬೆಟ್ಟಲ್ಲ ಸಾರ್. ಬಟ್ಟಿ ಅದ್ದಿ ಒತ್ತಿದ ಮಸಿ!"

ಉದಯಕುಮಾರ್ ಹನ್ನೊಂದು ಲಕೋಟೆಗಳನ್ನು ಇಸ್ಪೀಟೆಲೆಯ ಹಾಗೆ ಮೇಜಿನ ಮೇಲೆ ಹರವಿದ. ಒಂದೊಂದರ ಮೇಲೂ ಒಂದು ಹೆಸರು, ಹೆಸರಿನ ಪಕ್ಕ ಒಂದು ನೀಲಿ ಮಚ್ಚೆ. ಮಚ್ಚೆಯೊಳಗೆ ಗೆರೆ ಇಲ್ಲ, ಸುಳಿ ಇಲ್ಲ. ಒದ್ದೆ ಗೋಲಿ ಇಟ್ಟು ಎತ್ತಿದ ಹಾಗೆ.

"ಹನ್ನೊಂದನ್ನೂ ರದ್ದು ಮಾಡ್ರಿ. ಉಳಿದ ಹತ್ತು ನೋಡ್ರಿ, ಗೆರಿ ಗೆರಿ ಎದ್ದು ಕಾಣ್ತಾವ. ಅವನ್ನ ಒಡೀರಿ, ಎಣಸ್ರಿ, ನಮ್ಮನ್ನ ಮನಿಗೆ ಕಳಸ್ರಿ."

ಅವನ ಹಿಂದೆ ನಿಂತಿದ್ದವರು ಹೋ ಅಂದರು. ತಗಡಿನ ಶೆಡ್ಡು ಗಣಗಣ ಅಂತು.

ಮೂರು ದಿನದಲ್ಲಿ ಇದು ಮೂರನೇ ಎಣಿಕೆ. ಆದವಾನಿಯ ಹತ್ತಿ ಯಾರ್ಡಿನ ಹಿಂದಿರುವ ನಮ್ಮ ಜಿನ್ನಿಂಗ್ ಕೂಲಿಗಾರರ ಸಂಘಕ್ಕೆ ಅಧ್ಯಕ್ಷರು ಯಾರು ಅನ್ನುವ ಜಗಳ. ಪೆಟ್ಟಿಗೆಯ ಓಟು ಎಷ್ಟು ಸಲ ಎಣಿಸಿದರೂ ಅಷ್ಟೇ. ಉದಯಕುಮಾರನಿಗೆ ಮುನ್ನೂರ ನಾಲ್ಕು, ಸುಂಕಮ್ಮಕ್ಕನಿಗೆ ಮುನ್ನೂರು. ಉಳಿದದ್ದು ಈ ಇಪ್ಪತ್ತೊಂದು ಲಕೋಟೆ. ಊರಲ್ಲಿಲ್ಲದ ಹೆಂಗಸರ ಓಟು.

ಸಂಕ್ರಾಂತಿ ಹೊತ್ತಿಗೆ ನಮ್ಮ ಹೆಂಗಸರಲ್ಲಿ ಸುಮಾರು ಮಂದಿ ಮೆಣಸಿನಕಾಯಿ ಕೀಳಲು ಗುಂಟೂರು ಕಡೆ ಹೋಗುತ್ತಾರೆ. ಹೋದವರ ಓಟು ಹೋಗಬಾರದು ಅಂತ ಸಂಘ ಒಂದು ಪದ್ಧತಿ ಮಾಡಿದೆ. ಅವರು ಅಲ್ಲೇ ಗುಡಿಸಲಲ್ಲಿ ಕೂತು ಚೀಟಿಗೆ ಗುರುತು ಹಾಕುತ್ತಾರೆ. ಚೀಟಿ ಒಳಗಿನ ಸಣ್ಣ ಲಕೋಟೆಗೆ, ಸಣ್ಣದು ದೊಡ್ಡದಕ್ಕೆ. ದೊಡ್ಡದರ ಮೇಲೆ ಹೆಬ್ಬೆಟ್ಟು. ಆಮೇಲೆ ಈ ಕಡೆ ಬರುವ ಲಾರಿ ಡ್ರೈವರಿಗೋ ಬಸ್ ಕಂಡಕ್ಟರಿಗೋ ಕೊಟ್ಟುಬಿಡುತ್ತಾರೆ. ಅಂಚೆ ಮುದ್ರೆ ಇಲ್ಲ, ಏನಿಲ್ಲ. ಹೆಬ್ಬೆಟ್ಟು ಸರಿ ಅಂತ ತೀರ್ಮಾನ ಆಗುವವರೆಗೆ ಒಳಗಿನ ಲಕೋಟೆ ಮುಟ್ಟುವ ಹಾಗಿಲ್ಲ. ಯಾರ ಓಟು ಯಾರಿಗೆ ಅಂತ ಯಾರಿಗೂ ಗೊತ್ತಾಗುವ ಹಾಗಿಲ್ಲ.

ಮೇಜಿನ ಆ ಕಡೆ ಸಿದ್ದಲಿಂಗೇಶ್ ಸಾರ್ ಕೂತಿದ್ದರು. ರಿಟೈರ್ಡ್ ಹೆಡ್‌ಮಾಸ್ತರರು, ಈ ಚುನಾವಣೆ ನಡೆಸುವ ಅಧಿಕಾರಿ. ಹಣೆ ತುಂಬ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು. ಏಳನೇ ಕ್ಲಾಸಿನಲ್ಲಿ ಹಾಜರಿ ಪುಸ್ತಕದಿಂದ ನನ್ನ ಹೆಸರು ಹೊಡೆದು ಹಾಕಿದ್ದು ಇದೇ ಕೈ.

"ಗೆರೆ ಇಲ್ಲದ್ದನ್ನ ಹೆಬ್ಬೆಟ್ಟು ಅಂತ ಹೆಂಗ ಒಪ್ಪಲಿ, ಸುಂಕಮ್ಮ?" ಅಂದರು ಸಾರ್. "ನೀನೇ ಹೇಳು."

ಸುಂಕಮ್ಮಕ್ಕ ನನ್ನ ಕಡೆ ನೋಡಿದಳು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಮುಂದೆ ಇಪ್ಪತ್ತೆರಡು ವರ್ಷ ನಿಂತ ಹೆಂಗಸು, ನಿಂತೇ ಇದ್ದಳು. ಅಕ್ಕನಿಗೆ ಬೇಕಾದದ್ದು ಕುರ್ಚಿ ಅಲ್ಲ. ಹೋದ ವರ್ಷ ಗುರುಶಾಂತಮ್ಮನ ಜಡೆ ಜಿನ್ನಿನ ಬೆಲ್ಟಿಗೆ ಸಿಕ್ಕು ಅರ್ಧ ತಲೆಯ ಚರ್ಮ ಕಿತ್ತು ಬಂತು. ಬೆಲ್ಟಿಗೆ ಕಬ್ಬಿಣದ ಜಾಲರಿ ಹಾಕಿಸಿ ಅಂತ ಹೆಂಗಸರು ಕೇಳಿದರು. ಒಂಬತ್ತು ವರ್ಷದಿಂದ ಅಧ್ಯಕ್ಷನಾಗಿರುವ ಉದಯಕುಮಾರ್ ಮಿಲ್ಲಿನವರ ಹತ್ತಿರ ಆ ಮಾತೇ ಎತ್ತಲಿಲ್ಲ. ಅದಕ್ಕೇ ಈ ಸಲ ಸುಂಕಮ್ಮಕ್ಕ ನಾಮಪತ್ರ ಹಾಕಿದಳು. ಅವಳು ಗೆದ್ದರೆ ಜಾಲರಿ. ಸೋತರೆ ಇನ್ನೂ ಮೂರು ವರ್ಷ ಇನ್ನೆಷ್ಟು ಜಡೆಯೋ.

ನನ್ನನ್ನು ಕರೆಸಿದ್ದು ಅವಳೇ. ನಾನು ಮಾರೆಣ್ಣ, ಹತ್ತಿ ಒತ್ತಿ ಮೂಟೆ ಕಟ್ಟುವ ಬೇಲ್ ಪ್ರೆಸ್ಸಿನ ಕೂಲಿ. ಯಾರ್ಡಿನಲ್ಲಿ ಕಳುವಾಗಲಿ ಮೋಸವಾಗಲಿ, ಜನ ಸ್ಟೇಷನ್ನಿಗಿಂತ ಮೊದಲು ನನ್ನ ಹತ್ತಿರ ಬರುತ್ತಾರೆ. ಅಕ್ಕ ಬೆಳಿಗ್ಗೆ ಅಂದಿದ್ದು ಒಂದೇ ಮಾತು. "ಗೆಲ್ಲಿಸು ಅನ್ನಲ್ಲಪ್ಪ. ಖರೇ ಯಾವುದು, ಸುಳ್ಳು ಯಾವುದು, ಅಷ್ಟು ಹೇಳು."

ನಾನು ಮುಂದೆ ಹೋದೆ.

"ಸಾರ್, ಇಂಕ್ ಪ್ಯಾಡ್ ಕೊಡ್ರಿ."

"ಯಾಕೋ?"

"ಪಾಠ ಹೇಳ್ತೀನಿ ಸಾರ್. ನೀವು ಕಲಿಸಲಿಲ್ಲ, ನಾನಾರ ಕಲಿಸ್ತೀನಿ."

ಹೆಂಗಸರು ನಕ್ಕರು. ಸಾರ್ ನಗಲಿಲ್ಲ. ಪ್ಯಾಡ್ ತಳ್ಳಿದರು.

"ಗುರುಶಾಂತಮ್ಮಕ್ಕ, ಬಾ. ಹೆಬ್ಬೆಟ್ಟು ಒತ್ತು."

ತಲೆಗೆ ಬಿಗಿಯಾಗಿ ಸೆರಗು ಸುತ್ತಿಕೊಂಡ ಗುರುಶಾಂತಮ್ಮ ಬಂದು ಬಿಳಿ ಹಾಳೆಯ ಮೇಲೆ ಒತ್ತಿದಳು. ನೀಲಿ ಮಚ್ಚೆ. ಗೆರೆ ಇಲ್ಲ.

"ಮುಂದಿನೋರು ಬರ್ರಿ."

ಒಬ್ಬರ ಹಿಂದೆ ಒಬ್ಬರು ಬಂದರು. ನಲವತ್ತರವಳು, ಅರವತ್ತರವಳು, ಮದುವೆಯಾಗಿ ವರ್ಷ ತುಂಬದವಳು. ಹನ್ನೆರಡು ಹೆಬ್ಬೆಟ್ಟು. ಹನ್ನೆರಡೂ ಬೋಳು. ಹಾಳೆ ನೋಡಿದರೆ ನೇರಳೆ ಹಣ್ಣು ಉದುರಿದ ಹಾಗಿತ್ತು.

"ಸಾರ್, ಈ ಹನ್ನೆರಡು ಮಂದಿ ಬಟ್ಟಿ ಅದ್ದಿ ಒತ್ತಿದ್ರೇನ್ರೀ? ನಿಮ್ಮ ಕಣ್ಣ ಮುಂದ ಒತ್ಯಾರ. ಹತ್ತಿಕಾಯಿ ಸಿಪ್ಪಿ ಚುಚ್ಚಿ ಚುಚ್ಚಿ, ಜಿನ್ನಿಗೆ ಹತ್ತಿ ತಳ್ಳಿ ತಳ್ಳಿ ಬೆರಳು ಹಿಂಗಾಗ್ಯಾವ. ಅದರ ಮ್ಯಾಲ ಎರಡು ತಿಂಗಳ ಮೆಣಸಿನಕಾಯಿ. ಚರ್ಮ ಸುಲಿದು ಸುಲಿದು ಬೀಳ್ತೈತಿ. ರೇಷನ್ ಅಂಗಡ್ಯಾಗ ಮಷಿನ್ ಇವರ ಬೆರಳು ತಗೋತೈತೇನು ಕೇಳ್ರಿ."

"ನಾಕು ಸಲ ಒತ್ತಿಸ್ತಾನ, ಆಮ್ಯಾಲ ಹೋಗಿ ಕೈ ತೊಳ್ಕೊಂಡು ಬಾ ಅಂತಾನ," ಅಂದಳು ಒಬ್ಬಳು. "ತೊಳದ್ರ ಗೆರಿ ಮೊಳೀತಾವೇನು?"

ಮೂಲೆಯಿಂದ ಇನ್ನೊಂದು ದನಿ ಬಂತು. "ಮಷಿನ್ನಿಗೇನು ಗೊತ್ತು ಮಾ, ಅದು ಎಂದಾರ ಕೂಲಿಗೆ ಹೋಗೈತಾ?"

ದಸ್ತಗಿರಮ್ಮ. ಅರವತ್ತೈದು ವರ್ಷ, ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ. ಮೆಣಸಿನಕಾಯಿ ಹೊಲದಿಂದ ನಿನ್ನೆಯಷ್ಟೇ ವಾಪಸ್ ಬಂದಿದ್ದಾಳೆ, ಕಣ್ಣು ಇನ್ನೂ ಕೆಂಪು. ಹನ್ನೊಂದು ಲಕೋಟೆಗಳಲ್ಲಿ ಒಂದು ಇವಳದು.

ಉದಯಕುಮಾರ್ ಅಂದ, "ಆತಪ್ಪ, ಗೆರಿ ಸವೀತಾವ. ಒಪ್ಪಿದೆ. ಆದ್ರ ಬೋಳು ಮಚ್ಚಿ ಯಾರ್ದು ಅಂತ ಹೆಂಗ ಹೇಳ್ತಿ? ಎಲ್ಲಾ ಒಂದೇ ಥರ ಅದಾವಲ್ಲ!"

ಒಳ್ಳೆ ಪ್ರಶ್ನೆ. ಅವನೇ ಕೇಳಲಿ ಅಂತ ನಾನು ಕಾಯುತ್ತಿದ್ದೆ.

"ಸಾರ್, ಸದಸ್ಯರ ರಿಜಿಸ್ಟರ್ ಕೊಡ್ರಿ. ಹೋದ ವರ್ಷ ಎಲ್ಲರೂ ಅದರಾಗ ಹೆಬ್ಬೆಟ್ಟು ಒತ್ಯಾರ."

ಸಾರ್ ಕನ್ನಡಕ ತೆಗೆದು ಒರೆಸಿದರು. "ರಿಜಿಸ್ಟರ್ ಮನ್ಯಾಗ ಐತಿ. ನಾಳೆ ನೋಡೋಣು."

"ಇಲ್ಲ ಸಾರ್, ಇಲ್ಲೇ ಐತಿ."

ಬೀರುವಿನ ಪಕ್ಕ ನಿಂತಿದ್ದ ಹುಡುಗಿ ಬಾಗಿಲು ತೆಗೆದು ದಪ್ಪ ರಿಜಿಸ್ಟರ್ ತಂದು ಮೇಜಿನ ಮೇಲಿಟ್ಟಳು. ಶಿರೀಷಾ, ಸುಂಕಮ್ಮಕ್ಕನ ಮಗಳು. ಡಿಗ್ರಿ ಎರಡನೇ ವರ್ಷ. ಸಂಘದ ಬರವಣಿಗೆ ಎಲ್ಲ ಅವಳದೇ. ಬಂದ ಲಕೋಟೆಗಳ ಪಟ್ಟಿ ಬರೆದದ್ದೂ ಅವಳೇ.

ಸಾರ್ ಕನ್ನಡಕ ಹಾಕಿಕೊಂಡರು. ಅವರು ಹೇಳಿದ ಆ ಸುಳ್ಳನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ.

ದಸ್ತಗಿರಮ್ಮನ ಪುಟ ತೆಗೆದೆ. ಅವಳ ಲಕೋಟೆ ಪಕ್ಕದಲ್ಲಿಟ್ಟೆ.

"ಬಗ್ಗಿ ನೋಡ್ರಿ ಸಾರ್. ಗೆರಿ ಹೋದ್ರೂ ಬಿರುಕು ಹೋಗಲ್ಲ. ವರ್ಷಾ ವರ್ಷಾ ಚಳಿಗಾಲದಾಗ ಅಲ್ಲೇ ಬಾಯಿ ಬಿಡ್ತೈತಿ. ಈ ಮಚ್ಚಿ ನಡುವ ಬೆಳ್ಳಗ ಕವಲು ಒಡದದ್ದು ಕಾಣ್ತೈತಾ? ರಿಜಿಸ್ಟರಿನಾಗೂ ಅದೇ ಕವಲು. ಈಗ ಆಕಿ ಬೆರಳು ನೋಡ್ರಿ."

ದಸ್ತಗಿರಮ್ಮ ಹೆಬ್ಬೆರಳನ್ನು ಸಾರ್ ಮೂಗಿನ ಹತ್ತಿರ ಹಿಡಿದಳು. "ಚೂಡು ಸಾರೂ, ಬಾಗಾ ಚೂಡು. ಚೆನ್ನಾಗಿ ನೋಡ್ರಿ. ಕಣ್ಣು ಉರದ್ರ ನಂಗ ಬೈಬ್ಯಾಡ್ರಿ, ಮೆಣಸಿನಕಾಯಿ ಇನ್ನೂ ಬಿಟ್ಟಿಲ್ಲ."

ಸಾರ್ ಹಿಂದಕ್ಕೆ ಸರಿದರು. ಶೆಡ್ಡೆಲ್ಲ ನಕ್ಕಿತು.

ಹನ್ನೊಂದನ್ನೂ ಹಾಗೇ ತೋರಿಸಿದೆ. ಒಬ್ಬಳಿಗೆ ಅಡ್ಡ ಬಿರುಕು, ಒಬ್ಬಳಿಗೆ ಓರೆ, ಒಬ್ಬಳಿಗೆ ಎರಡು ಜೋಡಿ. ಒಂದೂ ತಪ್ಪಲಿಲ್ಲ. ಏಳನೇ ಕ್ಲಾಸಿಗೆ ಬಿಟ್ಟವನು ನಾನು. ಆದರೆ ಈ ಕೈಗಳನ್ನು ಓದಲು ನನಗೆ ಯಾವ ಸ್ಕೂಲೂ ಬೇಕಿಲ್ಲ. ಇವುಗಳ ನಡುವೆಯೇ ಬೆಳೆದಿದ್ದೇನೆ, ಇವೇ ನನಗೆ ಅನ್ನ ಕಲಸಿ ತಿನ್ನಿಸಿವೆ.

"ಈಗ ಆ ಹತ್ತು ತಗೋರಿ," ಅಂದೆ. "ಉದಯಣ್ಣ ಮೆಚ್ಚಿದ ಹತ್ತು."

ಮೇಲಿನ ಲಕೋಟೆ ಎತ್ತಿದೆ. ಮಹೇಶ್ವರಿ ಅಂತ ಹೆಸರು. ಹೆಬ್ಬೆಟ್ಟಿನಲ್ಲಿ ಗೆರೆಗಳು ಚಕ್ಕುಲಿ ಸುತ್ತಿದ ಹಾಗೆ. ರಿಜಿಸ್ಟರಿನಲ್ಲಿ ಅದೇ ಮಹೇಶ್ವರಿಯ ಹೆಬ್ಬೆಟ್ಟು ತೆಗೆದೆ. ಬೋಳು.

"ಆದವಾನ್ಯಾಗ ಇದ್ದಾಗ ಬೋಳು. ಗುಂಟೂರಿಗೆ ಹೋಗಿ ಮೆಣಸಿನಕಾಯಿ ಕಿತ್ತ ಮ್ಯಾಲ ಗೆರಿ! ಅಲ್ಲೇನು ಬೆರಳಿಗೆ ಗೊಬ್ಬರ ಹಾಕ್ತಾರೇನ್ರೀ?"

ಈಗ ಯಾರೂ ನಗಲಿಲ್ಲ. ಎರಡನೆಯದು, ಮೂರನೆಯದು, ನಾಲ್ಕನೆಯದು. ಹತ್ತಕ್ಕೆ ಹತ್ತೂ ಅದೇ ಕಥೆ. ರಿಜಿಸ್ಟರಿನಲ್ಲಿ ಸವೆದ ಬೆರಳು, ಲಕೋಟೆಯ ಮೇಲೆ ನುಣುಪು ಬೆರಳು. ಹತ್ತೂ ಕಳ್ಳ ಲಕೋಟೆ. ಇನ್ನೂ ಒಂದಿತ್ತು. ಹತ್ತರಲ್ಲಿ ಮೂರು ಒಂದೇ ಬೆರಳಿನವು. ಮೂರರಲ್ಲೂ ಗೆರೆಗಳನ್ನು ಅಡ್ಡ ಕತ್ತರಿಸಿದ ಸಣ್ಣ ಗಾಯದ ಗುರುತು, ಈಳಿಗೆ ತಗುಲಿದ ಹಾಗೆ. ಉಳಿದ ಏಳೂ ಇನ್ನೊಂದು ಬೆರಳಿನವು, ಅವುಗಳಲ್ಲಿ ಆ ಗಾಯ ಇರಲಿಲ್ಲ.

"ಉದಯಣ್ಣ, ನಿನ್ನ ಹೆಬ್ಬೆಟ್ಟು ಕೊಡು."

"ನಾ ಯಾಕ ಕೊಡ್ಲಿ?"

"ಹನ್ನೆರಡು ಹೆಣ್ಮಕ್ಕಳು ಕೊಟ್ರು. ನೀನು ಗಂಡಸಲ್ಲೇನು?"

ಅವನ ಕಡೆಯವರೇ, "ಒತ್ತಣ್ಣ, ಏನಾಗಲ್ಲ," ಅಂದರು. ಒತ್ತಿದ. ನಾನು ಹಾಳೆ ಎತ್ತಿ ಬೆಳಕಿಗೆ ಹಿಡಿದೆ. ಗಾಯ ಇರಲಿಲ್ಲ. ಏಳರ ಗೆರೆಯೂ ಅದಲ್ಲ, ಅವುಗಳ ಸುಳಿ ಎಡಕ್ಕೆ, ಇವನದು ಬಲಕ್ಕೆ. ಬೆರಳು ಅವನದಲ್ಲ.

ಆದರೆ ಹಾಳೆಯನ್ನು ನಾನು ಕೆಳಗಿಡಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಹಿಡಿದೆ.

"ಎಷ್ಟು ಚಂದ ಗೆರಿ ನೋಡ್ರಿ ನಮ್ಮ ಅಧ್ಯಕ್ಷರ್ದು! ಒಂದೂ ಸವೆದಿಲ್ಲ. ಒಂಬತ್ತು ವರ್ಷದಿಂದ ಕೂಲಿಗಾರರ ಸಂಘಕ್ಕ ಅಧ್ಯಕ್ಷ. ಒಂದು ದಿನಾನೂ ಹತ್ತಿ ಮುಟ್ಟಿಲ್ಲ. ಈ ಹನ್ನೆರಡು ಬೋಳು ಮಚ್ಚಿ ಅದಾವಲ್ಲ, ಇವು ನಮ್ಮ ಸರ್ಟಿಫಿಕೇಟ್. ಇವನ್ನ ನೋಡಿ ನೀನು ಮಸಿ ಅಂದಿ."

ಗುರುಶಾಂತಮ್ಮ ತನ್ನ ನೀಲಿ ಬೆರಳನ್ನು ಮೇಲೆತ್ತಿದಳು. ಪಕ್ಕದವಳು ಎತ್ತಿದಳು. ಆಮೇಲೆ ಹನ್ನೆರಡೂ ಬೆರಳು. ಯಾರೂ ಕೂಗಲಿಲ್ಲ, ಎತ್ತಿ ಹಿಡಿದರು ಅಷ್ಟೇ.

ಸಾರ್‌ಗೆ ಬೇರೆ ದಾರಿ ಇರಲಿಲ್ಲ. ಹನ್ನೊಂದು ಸರಿ, ಹತ್ತು ಬದಿಗೆ ಅಂತ ಬರೆದು ಸಹಿ ಹಾಕಿದರು. ಹನ್ನೊಂದರ ಒಳಗಿನ ಸಣ್ಣ ಲಕೋಟೆ ತೆಗೆದು, ಕಲೆಸಿ, ಒಂದೊಂದೇ ಒಡೆದರು.

"ಸುಂಕಮ್ಮ."

"ಸುಂಕಮ್ಮ."

"ಉದಯಕುಮಾರ್."

ನಾನು ಬೆರಳು ಮಡಿಸುತ್ತಾ ಹೋದೆ. ಈ ಹೆಂಗಸರೆಲ್ಲ ಅಕ್ಕನ ಕಡೆ ಅಂತ ನಾನು ಗಟ್ಟಿ ಅಂದುಕೊಂಡಿದ್ದೆ. ಕೊನೆಯ ಚೀಟಿ ಬಿಚ್ಚುವಾಗ ಎರಡೂ ಕಡೆ ಮುನ್ನೂರ ಏಳು.

"ಉದಯಕುಮಾರ್," ಅಂದರು ಸಾರ್. "ಹನ್ನೊಂದರಾಗ ಸುಂಕಮ್ಮಗ ಏಳು. ಉದಯಕುಮಾರಗ ನಾಲ್ಕು. ಒಟ್ಟು, ಸುಂಕಮ್ಮ ಮುನ್ನೂರ ಏಳು. ಉದಯಕುಮಾರ್ ಮುನ್ನೂರ ಎಂಟು."

ಒಂದು ಓಟು. ಒಂದೇ ಒಂದು ಓಟಿಗೆ ಅಕ್ಕ ಸೋತಳು. ನಾನು ಗೆದ್ದುಕೊಟ್ಟ ಲಕೋಟೆಗಳನ್ನು ಸೇರಿಸಿದರೂ ಸೋತಳು.

"ಅದರಾಗ ಒಂದು ನಂದು," ಅಂದಳು ದಸ್ತಗಿರಮ್ಮ. "ನಾ ಉದಯಗೇ ಹಾಕಿದ್ದು."

ಹೆಂಗಸರು ಅವಳ ಮೇಲೆ ಬಿದ್ದರು. "ಏನು ಮುದುಕಿ ನೀನು! ಇಷ್ಟೊತ್ತು ನಮ್ಮ ಕೂಡ ನಿಂತಿದ್ದೆಲ್ಲ!"

"ನನ್ನ ಓಟಿನ ಕೂಡ ನಿಂತಿದ್ದೆ. ನನ್ನ ಏಲಿಮುದ್ರ, ಈ ಹೆಬ್ಬೆಟ್ಟು, ನಂದು, ನಿಮ್ಮಪ್ಪಂದಲ್ಲ. ನನ್ನ ಮೊಮ್ಮಗನ್ನ ಕರ್ನೂಲಿನ ಆಸ್ಪತ್ರಿಗೆ ಇವನೇ ಹೊತ್ಕೊಂಡು ಹೋಗಿದ್ದ, ಅದಕ್ಕ ಹಾಕಿದೆ." ಆಮೇಲೆ ಉದಯಕುಮಾರನ ಕಡೆ ತಿರುಗಿದಳು. "ಮುಂದಿನ ಸಲ ಹಾಕಲ್ಲ ಬಾಬೂ. ನಿನಗ ಹಾಕಿದ ಓಟು ನೀನೇ ಬಚ್ಚಲಿಗೆ ಚೆಲ್ಲಾಕ ಹೊಂಟಿದ್ದಿ. ನನ್ನ ಬೆರಳಿಗೆ ಮಸಿ ಅಂದಿ."

ಗೆದ್ದ ಉದಯಕುಮಾರ್ ತಲೆ ತಗ್ಗಿಸಿದ. ಗೆದ್ದವನು ಹಾಗೆ ನಿಂತದ್ದು ನಾನು ಅವತ್ತೇ ನೋಡಿದ್ದು.

ಅಷ್ಟರಲ್ಲಿ ನಮ್ಮವರಲ್ಲೇ ಯಾರೋ ಕೂಗಿದರು. "ಆ ಹತ್ತನ್ನೂ ಒಡೀರಿ! ಅದರಾಗ ಅಕ್ಕನ ಓಟು ಇದ್ರೂ ಇರಬಹುದು!"

"ಹೌದು, ಒಡೀರಿ! ಎರಡು ಸಿಕ್ಕರೆ ಗೆದ್ವಿ!"

ಕೂಗು ಜೋರಾಯಿತು. ಗುರುಶಾಂತಮ್ಮ ನನ್ನ ತೋಳು ಹಿಡಿದಳು. "ಮಾರೆಣ್ಣ, ನಿನ್ನ ಬಾಯಿಂದಲೇ ಕೆಟ್ಟಿತು. ನೀನೇ ಹೇಳಪ್ಪ, ಒಡೀರಿ ಅಂತ. ನನ್ನ ತಲಿ ನೋಡಿ ಹೇಳು."

ಅವಳ ಸೆರಗು ಜಾರಿತ್ತು. ನಾನು ನೋಡಲಾರದೆ ನೋಡಿದೆ. ಒಂದು ಮಾತು ಅಂದರೆ ಸಾಕು, ಶೆಡ್ಡೆಲ್ಲ ನನ್ನ ಹಿಂದೆ ನಿಲ್ಲುತ್ತಿತ್ತು. ನಾನು ಅಕ್ಕನ ಕಡೆ ತಿರುಗಿದೆ.

"ಒಡೀಬ್ಯಾಡ್ರಿ," ಅಂದಳು ಸುಂಕಮ್ಮಕ್ಕ.

ದನಿ ದೊಡ್ಡದಿರಲಿಲ್ಲ. ಆದರೂ ಕೂಗುತ್ತಿದ್ದವರೆಲ್ಲ ಅವಳ ಕಡೆ ತಿರುಗಿದರು.

"ಕಳ್ಳ ಹೆಬ್ಬೆಟ್ಟಿನ ಮ್ಯಾಲ ಕುರ್ಚಿ ಹಾಕ್ಕೊಂಡು ಕುಂತ್ರ, ನಾಳೆ ಮಿಲ್ಲಿನೋರ ಮುಂದ ನಿಂತು ನ್ಯಾಯ ಕೇಳಾಕ ನಂಗ ಯಾವ ಬಾಯಿ ಐತಿ? ಅಧ್ಯಕ್ಷೆ ಆಗದಿದ್ರೂ ಜಾಲರಿ ಕೇಳ್ತೀನಿ. ಬೆಲ್ಟಿನ ಮುಂದ ಕುಂತು ಕೇಳ್ತೀನಿ. ಗುರುಶಾಂತಿ, ನೀ ಅಳಬ್ಯಾಡ." ನನ್ನ ಕಡೆ ನೋಡಿದಳು. "ಮಾರೆಣ್ಣ, ನಿನ್ನ ಕೆಲಸ ಇನ್ನ ಮುಗಿದಿಲ್ಲ. ಈ ಹತ್ತು ಒತ್ತಿದೋರು ಯಾರು? ಅದು ಹೇಳು."

ನಾನು ಗಾಯದ ಗುರುತಿನ ಮೂರು ಲಕೋಟೆ ಎತ್ತಿಕೊಂಡೆ. "ಬೆರಳು ಸಿಕ್ಕಿಲ್ಲಕ್ಕ. ಆದ್ರ ಈ ಶೆಡ್ಡಿಗೆ ಬಂದು ಹೋಗೋರ್ದೇ. ಯಾರ ಲಕೋಟಿ ಬಂದಿಲ್ಲ ಅಂತ ಹೆಸರು ಹೆಸರು ಗೊತ್ತಿದ್ದೋರ್ದು. ಕೂಲಿ ಮಾಡದ ಬೆರಳು. ಹೆಬ್ಬೆರಳಿಗೆ ಅಡ್ಡ ಗಾಯ..."

ನಾನು ಮಾತು ಮುಗಿಸಲಿಲ್ಲ. ಶಿರೀಷಾ ಮೇಜಿನ ಹತ್ತಿರ ಬಂದಿದ್ದಳು. ಪ್ಯಾಡಿನ ಮೇಲೆ ಹೆಬ್ಬೆರಳು ಒತ್ತಿ, ಹನ್ನೆರಡು ಬೋಳು ಮಚ್ಚೆಗಳ ಕೆಳಗೆ ತನ್ನದನ್ನೂ ಒತ್ತಿದಳು. ಗೆರೆಗಳು. ಗೆರೆಗಳ ಮೇಲೆ ಅಡ್ಡ ಗಾಯ.

ಸುಂಕಮ್ಮಕ್ಕ ಹಾಳೆ ನೋಡಿದಳು. ಮಗಳ ಮುಖ ನೋಡಿದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಮಗಳ ಕೈ ಹಿಡಿದು ಆ ಬೆರಳನ್ನು ತನ್ನ ಸೆರಗಿನಿಂದ ಒರೆಸಿದಳು.

"ಈ ಬೆರಳು ಸವೀಬಾರದು ಅಂತ ನಿನ್ನ ಜಿನ್ನಿನ ಬಾಗಲಿಗೂ ಬಿಡಲಿಲ್ಲ ನಾನು," ಅಂದಳು. "ಇದಕ್ಕೇನು?"

"ನೀ ಸೋಲ್ತಿ ಅಂತ ಅಂಜಿಕಿ ಆತವ್ವ." ಹುಡುಗಿ ಅಳುತ್ತಿದ್ದಳು, ಆದರೆ ತಲೆ ತಗ್ಗಿಸಲಿಲ್ಲ. "ತಪ್ಪು ಮಾಡೀನಿ. ಪೊಲೀಸರಿಗೆ ಕೊಡು, ಹೋಗ್ತೀನಿ. ಆದ್ರ ಹತ್ತೂ ನಂದಲ್ಲ. ಮೂರೇ ನಂದು. ಲಾರಿ ಬಸ್ಸಿನಾಗ ಬಂದದ್ದು ಹನ್ನೊಂದು, ನಾನೇ ಬರಕೊಂಡೀನಿ. ನಾ ಹಾಕಿದ್ದು ಮೂರು. ಹದಿನಾಲ್ಕು ಲಕೋಟಿ ಇದ್ದ ಡಬ್ಬಿ ಓಟಿನ ದಿನ ಸಂಜಿಗೆ ಈ ಶೆಡ್ಡಿನಿಂದ ಹೋತು. ಮರುದಿನ ಎಣಿಕಿಗೆ ತಂದಾಗ ಒಳಗ ಇಪ್ಪತ್ತೊಂದು ಇದ್ವು."

"ಎಲ್ಲಿಗೆ ಹೋಗಿತ್ತು ಡಬ್ಬಿ?" ಅಂತ ಕೇಳಿದೆ.

ಅವಳು ಮೇಜಿನ ಆ ಕಡೆ ಕೂತಿದ್ದ ಸಾರ್ ಮುಖ ನೋಡಿದಳು.

ಉದಯಕುಮಾರ್ ತಲೆ ಎತ್ತಿದ. "ಸಾರ್," ಅಂದ. ಆ ಒಂದು ಮಾತಿನಲ್ಲಿ ಬೆದರಿಕೆಯೂ ಇತ್ತು, ಬೇಡಿಕೊಂಡದ್ದೂ ಇತ್ತು.

ಸುಂಕಮ್ಮಕ್ಕ ಬಿಳಿ ಹಾಳೆ ಒಂದನ್ನು ಎಳೆದು ಸಿದ್ದಲಿಂಗೇಶ್ ಸಾರ್ ಮುಂದೆ ಇಟ್ಟಳು.

"ಬರ್ಕೋರಿ ಸಾರ್. ನನ್ನ ಮಗಳ ಹೆಸರು ಮೊದಲು ಬರ್ಕೋರಿ. ಮೂರು ಕಳ್ಳ ಓಟು, ಶಿರೀಷಾ, ತಾಯಿ ಸುಂಕಮ್ಮ. ಅದರ ಕೆಳಗ ಆ ಏಳು ಯಾರ್ದು ಅಂತ ಬರೀರಿ."

ಜೇಬಿನಲ್ಲಿ ಎರಡು ಪೆನ್ನಿದ್ದವು. ಸಾರ್ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡರು. ಕೈ ಮೇಜಿನ ಕೆಳಗೆ ಹೋಯಿತು, ಮೇಲೆ ಬರಲಿಲ್ಲ.